ಸರ್ಫಿಂಗ್ ಕಲಿಯಲು ಹೊರಟಿದ್ದೀರಾ? ಮೊದಲು ಮಾತ್ರೆ ಡಬ್ಬಿ ನೋಡಿ

ಶ್ರೀಲಂಕಾದ ದಕ್ಷಿಣ ಕರಾವಳಿಯ ವೆಲಿಗಾಮದಲ್ಲಿ ತಳ ಮರಳು, ಅಲೆಗಳು ಸಾಧಾರಣ. ಹೊಸಬರಿಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಆದರೆ ನಿತ್ಯ ಔಷಧಿ ತೆಗೆದುಕೊಳ್ಳುವವರು ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕೇಳಿ.

ಡಾಕ್ಸಿಸೈಕ್ಲಿನ್, ಹೈಡ್ರೋಕ್ಲೋರೋಥಯಾಜೈಡ್: ಬಿಸಿಲಿಗೆ ಚರ್ಮ ಬೇಗ ಸುಡಬಹುದು. ಉದ್ದ ತೋಳಿನ ಈಜುಡುಗೆ ತೊಡಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ನೀರಿನಿಂದ ಬಂದ ಮೇಲೆ ಮತ್ತೆ ಹಚ್ಚಿ.

ವಾರ್ಫರಿನ್: ಬೋರ್ಡ್ ತಲೆಗೆ ಬಡಿದರೆ ಒಳಗೇ ರಕ್ತಸ್ರಾವವಾಗಬಹುದು. ಪೆಟ್ಟು ಸಣ್ಣದೆನಿಸಿದರೂ ಆಸ್ಪತ್ರೆಗೆ ಹೋಗಿ.

ಇನ್ಸುಲಿನ್: ಅಲೆಯೊಡನೆ ಸೆಣಸುವಾಗ ಸಕ್ಕರೆ ಇಳಿಯಬಹುದು. ನೀರಿಗಿಳಿಯುವ ಮುನ್ನ ಪರೀಕ್ಷಿಸಿ, ಬೋಧಕರಿಗೂ ತಿಳಿಸಿ. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಹೆಪ್ಪುಗಟ್ಟಿದರೆ ಕೆಡುತ್ತದೆ.

ಫಿಟ್ಸ್ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗಿಳಿಯಬೇಡಿ.

ಪ್ರವಾಸಕ್ಕೆಂದು ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಚೀಟಿಯ ಪ್ರತಿಯೊಂದು ಜೊತೆಗಿರಲಿ.