ಬಣ್ಣ ಬಿಡದ ಬಟ್ಟೆ

ಸಿರುಗುಪ್ಪ, ಕುರುಗೋಡುಗಳ ಎರೆನೆಲದಲ್ಲಿ ಹತ್ತಿಯ ಬೇಸಾಯ ಹಿಂದಿನಿಂದ ನಡೆದುಬಂದುದು. ಆದರೆ ಹತ್ತಿಗೆ ಒಂದು ಹಟವುಂಟು. ರೇಷ್ಮೆ, ಉಣ್ಣೆಗಳಂತೆ ಅದು ಬಣ್ಣವನ್ನು ಸುಲಭವಾಗಿ ಹಿಡಿಯದು. ಈ ಹಟವನ್ನು ಗೆದ್ದವರು ಭಾರತದ ಬಣ್ಣಗಾರರು. ಅವರ ಚಿತ್ತಾರದ ಅರಿವೆಯೇ ಚೀಟಿ ಬಟ್ಟೆ. ಇಂಗ್ಲಿಷಿನ ‘ಚಿಂಟ್ಸ್’ ಎಂಬ ಮಾತು ಹಿಂದಿಯ ‘ಛೀಂಟ್’ ಪದದಿಂದ ಹೋದುದು.

ಬಟ್ಟೆಯನ್ನು ಮೊದಲು ಅಳಲೆಕಾಯಿಯ ರಸ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸುತ್ತಿದ್ದರು. ಹಾಲಿನ ಜಿಡ್ಡಿನಿಂದಾಗಿ ಗೆರೆಗಳು ಹರಡುತ್ತಿರಲಿಲ್ಲ. ಕಬ್ಬಿಣದ ತುಕ್ಕು, ಬೆಲ್ಲಗಳನ್ನು ಕೊಳೆಯಿಸಿದ ನೀರಿನಿಂದ ಕಪ್ಪು ಗೆರೆಗಳನ್ನೆಳೆದು, ಕೆಂಪು ಬರಬೇಕಾದೆಡೆ ಪಟಿಕದ ನೀರನ್ನು ಹಚ್ಚುವರು. ಬಳಿಕ ಬಣ್ಣದ ಬೇರಿನ ಕಷಾಯದಲ್ಲಿ ಕುದಿಸಿದರೆ ಪಟಿಕ ತಾಗಿದೆಡೆಯಲ್ಲಿ ಮಾತ್ರ ಕೆಂಪು ನೂಲಿನೊಳಗೆ ನೆಲೆಯೂರುತ್ತದೆ. ನೀಲಿ ಬೇಡವಾದ ಭಾಗಗಳಿಗೆ ಮೇಣ ಬಳಿದು ನೀಲಿಯ ತೊಟ್ಟಿಯಲ್ಲಿ ಅದ್ದುವರು. ನೀಲಿಯ ಮೇಲೆ ಹಳದಿ ಹಚ್ಚಿದರೆ ಹಸಿರು. ಈ ಹಳದಿ ಮಾತ್ರ ಬೇಗ ಮಾಸುವಂಥದು. ಹಳೆಯ ಚೀಟಿಗಳಲ್ಲಿ ಎಷ್ಟೋ ಎಲೆಗಳು ನೀಲಿಯಾಗಿ ಕಾಣುವುದು ಅದರಿಂದಲೇ.

ಬಳ್ಳಾರಿಯ ನೆರೆಯ ಹಂಪೆಯಿಂದ ಆಳಿದ ವಿಜಯನಗರದ ಅರಸರ ಕಾಲದಲ್ಲಿ ಪೂರ್ವ ಕರಾವಳಿಯ ಪುಲಿಕಾಟ್ ರೇವು ಇಂಥ ಬಟ್ಟೆಗೆ ಹೆಸರಾಗಿದ್ದಿತು. ಅಲ್ಲಿಂದ ಅದು ಮಲಾಕ್ಕ, ಪೆಗು, ಸುಮಾತ್ರಗಳಿಗೆ ಹೋಗುತ್ತಿದ್ದುದನ್ನು 16ನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸರ ಬಾರ್ಬೋಸ ಬರೆದಿದ್ದಾನೆ.

17ನೆಯ ಶತಮಾನದಲ್ಲಿ ಯುರೋಪು ಈ ಬಟ್ಟೆಗೆ ಮರುಳಾಯಿತು. ಒಗೆದರೂ ಕುಂದದ ಬಣ್ಣವನ್ನು ಅಲ್ಲಿನ ಜನ ಹತ್ತಿಯ ಮೇಲೆ ಕಂಡಿರಲಿಲ್ಲ. ಅಲ್ಲಿನ ನೇಕಾರರು ಕಂಗಾಲಾದರು. ಫ್ರಾನ್ಸ್ 1686ರಲ್ಲಿ ಇದನ್ನು ನಿಷೇಧಿಸಿತು. ಲಂಡನ್ನಿನಲ್ಲಿ 1719ರಲ್ಲಿ ಚೀಟಿ ಉಟ್ಟ ಹೆಂಗಸರ ಬಟ್ಟೆಗಳನ್ನೇ ನೇಕಾರರು ಹರಿದುಹಾಕಿದರು.

ನಿಷೇಧದ ನಡುವೆಯೇ ಅನುಕರಣೆಯ ಯತ್ನವೂ ನಡೆಯಿತು. 1742ರಲ್ಲಿ ಫ್ರೆಂಚ್ ಪಾದ್ರಿ ಕೂರ್ದೂ, ಇಲ್ಲಿನ ಬಣ್ಣಗಾರರಿಂದ ಕೇಳಿ ತಿಳಿದ ವಿಧಾನವನ್ನು ಪತ್ರದಲ್ಲಿ ಬರೆದು ಸ್ವದೇಶಕ್ಕೆ ಕಳುಹಿಸಿದನು. ಚರಿತ್ರೆ ಪಾದ್ರಿಯ ಹೆಸರನ್ನು ನೆನೆಯುತ್ತದೆ. ವಿದ್ಯೆ ಹೇಳಿಕೊಟ್ಟವರ ಹೆಸರನ್ನಲ್ಲ. 1783ರಲ್ಲಿ ಥಾಮಸ್ ಬೆಲ್ ಎಂಬವನು ಉರುಳೆಯಿಂದ ಅಚ್ಚೊತ್ತುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ವ್ಯಾಪಾರದ ದಿಕ್ಕೇ ತಿರುಗಿತು. ಅಗ್ಗದ ಯಂತ್ರದ ಚೀಟಿ ಭಾರತದ ಸಂತೆಗಳಿಗೆ ಬಂದಿತು. ಬಳ್ಳಾರಿ ಸೀಮೆಯಿಂದ ಹತ್ತಿ ಮಾತ್ರ ಹೊರಗೆ ಹೋಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ವೇಳೆ ಆ ಹತ್ತಿಗೆ ಬಂದ ಬೆಲೆ ಯುದ್ಧ ಮುಗಿದೊಡನೆ ಇಳಿದುಹೋಯಿತು.

ಇಂದು ಬಳ್ಳಾರಿ ನಗರ ಜೀನ್ಸ್ ಹೊಲಿಗೆಗೆ ಹೆಸರಾಗಿದೆ. ಅದರ ಬಣ್ಣವೂ ನೀಲಿಯೇ; ಆದರೆ 1897ರಲ್ಲಿ ಜರ್ಮನಿಯ ಕಾರ್ಖಾನೆ ಮಾರಾಟಕ್ಕಿಟ್ಟ ಕೃತಕ ನೀಲಿಯ ವಂಶದ್ದು. ಹೊಲಿದ ಉಡುಪನ್ನು ತೊಳೆಯುವ ಘಟಕಗಳಲ್ಲಿ ಬೇಕೆಂದೇ ಬಣ್ಣಗೆಡಿಸುತ್ತಾರೆ. ಕೊಳ್ಳುವವರು ಈಗ ಮಾಸಿದ ಬಣ್ಣವನ್ನೇ ಬಯಸುತ್ತಾರೆ.