ವರಮಾನ ತೆರಿಗೆಯ ದೊಡ್ಡ ಬಾಕಿ ಬಂದಾಗ

ತಿಂಗಳ ಸಂಬಳದಲ್ಲಿ ಬದುಕುವವರಿಗೆ ವರಮಾನ ತೆರಿಗೆಯು ಬಹುಮಟ್ಟಿಗೆ ಕಣ್ಣಿಗೆ ಬೀಳದ ಖರ್ಚು. ಕಚೇರಿಯವರೇ ಸಂಬಳದಿಂದ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಉಳಿದದ್ದು ನಮ್ಮ ಕೈಗೆ ಬರುತ್ತದೆ. ಆದುದರಿಂದಲೇ ಒಂದು ದಿನ ಇಲಾಖೆಯಿಂದ ತೊಂಬತ್ತು ಸಾವಿರವೋ ಲಕ್ಷವೋ ಬಾಕಿ ಇದೆಯೆಂಬ ಕಾಗದ ಬಂದರೆ ಎದೆ ಧಸಕ್ಕೆನ್ನುತ್ತದೆ. ಪರಊರಿನಲ್ಲಿ ಬಾಡಿಗೆ ಕೊಟ್ಟು, ಮಕ್ಕಳ ಶಾಲೆಯ ಫೀ ಕಟ್ಟಿ, ಊರಿನ ತಂದೆತಾಯಿಗಳಿಗೂ ಹಣ ಕಳುಹಿಸುವವರಿಗೆ ಇದು ಸಣ್ಣ ಪೆಟ್ಟಲ್ಲ.

ಇಂಥ ಸಮಯದಲ್ಲಿ ಕೆಲವರು ಕಾಗದವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಹೆದರಿ, ಲೆಕ್ಕವನ್ನೂ ನೋಡದೆ, ಅದೇ ವಾರ ಬಡ್ಡಿ ಸಾಲ ತೆಗೆದು ಕಟ್ಟಿಬಿಡುತ್ತಾರೆ. ಎರಡರಿಂದಲೂ ಹಾನಿಯೇ. ಇಲಾಖೆಯ ಕಾಗದ ಒಂದು ಲೆಕ್ಕದ ಪತ್ರ. ಅದನ್ನು ತಾಳೆ ನೋಡಬಹುದು, ತಪ್ಪಿದ್ದರೆ ತಿದ್ದಿಸಬಹುದು, ಸರಿಯಿದ್ದು ಹಣವಿಲ್ಲದಿದ್ದರೆ ಕಂತುಗಳಲ್ಲಿ ಕಟ್ಟಲು ಅನುಮತಿ ಕೇಳಬಹುದು. ಇದಕ್ಕೆಲ್ಲ ಕಾನೂನಿನಲ್ಲಿಯೇ ಅವಕಾಶ ಉಂಟು. ಆದರೆ ಅವಕಾಶಕ್ಕೆ ಗಡುವೂ ಉಂಟು.

ಬಾಕಿ ಹುಟ್ಟುವ ಬಗೆ

ಸಂಬಳದಾರರಿಗೆ ದೊಡ್ಡ ಬಾಕಿ ಬರುವುದು ಹೆಚ್ಚಾಗಿ ವರ್ಷದ ನಡುವೆ ಕೆಲಸ ಬದಲಿಸಿದಾಗ. ಒಂದು ಉದಾಹರಣೆ ನೋಡೋಣ. ಲೆಕ್ಕಪತ್ರ ವಿಭಾಗದ ನೌಕರರೊಬ್ಬರು 2025ರ ಏಪ್ರಿಲಿನಿಂದ ಸೆಪ್ಟೆಂಬರ್ ತನಕ ಒಂದು ಕಂಪನಿಯಲ್ಲಿ ತಿಂಗಳಿಗೆ 1,00,000 ರೂಪಾಯಿಯಂತೆ ದುಡಿದರು. ಅಕ್ಟೋಬರಿನಿಂದ ಮಾರ್ಚ್ ತನಕ ಬೇರೆ ಕಂಪನಿಯಲ್ಲಿ 1,50,000 ರೂಪಾಯಿಯಂತೆ ದುಡಿದರು. 2025-26ರ ಹೊಸ ಪದ್ಧತಿಯಲ್ಲಿ ಸಂಬಳದಿಂದ 75,000 ರೂಪಾಯಿ ಕಳೆದ ಮೇಲೆ ವರಮಾನ 12 ಲಕ್ಷ ಮೀರದಿದ್ದರೆ ರಿಯಾಯಿತಿಯ ದೆಸೆಯಿಂದ ತೆರಿಗೆ ಇಲ್ಲ. ಮೊದಲ ಕಂಪನಿ ವರ್ಷಕ್ಕೆ 12 ಲಕ್ಷವೆಂದು ಲೆಕ್ಕ ಹಿಡಿದು ತೆರಿಗೆ ಮುರಿಯಲಿಲ್ಲ. ಎರಡನೆಯ ಕಂಪನಿಗೆ ಹಳೆಯ ಸಂಬಳದ ಸುದ್ದಿಯೇ ತಿಳಿಯದು. ಆರು ತಿಂಗಳ 9 ಲಕ್ಷವನ್ನು ಮಾತ್ರ ನೋಡಿ ಅದೂ ಮುರಿಯಲಿಲ್ಲ.

ಇಲಾಖೆಯಾದರೋ ಎರಡನ್ನೂ ಕೂಡಿಸುತ್ತದೆ. ಒಟ್ಟು 15,00,000, ಅದರಲ್ಲಿ 75,000 ಒಂದೇ ಸಲ ಕಳೆದರೆ 14,25,000. 12 ಲಕ್ಷದ ಗೆರೆ ದಾಟಿದ್ದರಿಂದ ರಿಯಾಯಿತಿ ಇಲ್ಲ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇಕಡಾ 5ರಂತೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇಕಡಾ 10ರಂತೆ 40,000. ಉಳಿದ 2,25,000ಕ್ಕೆ ಶೇಕಡಾ 15ರಂತೆ 33,750. ಕೂಡಿದರೆ 93,750. ಇದರ ಮೇಲೆ ಶೇಕಡಾ 4ರ ಸೆಸ್ 3,750. ಒಟ್ಟು 97,500 ರೂಪಾಯಿ. ಮುಂಗಡ ತೆರಿಗೆ ಕಟ್ಟದೆ ಇದ್ದುದಕ್ಕೆ ಬಡ್ಡಿ ಬೇರೆ. ಜುಲೈ ತಿಂಗಳಲ್ಲಿ ಕಟ್ಟುವುದಾದರೆ ಆ ಬಡ್ಡಿ ಸುಮಾರು 8,800 ರೂಪಾಯಿ. ಯಾರೂ ಮೋಸ ಮಾಡಲಿಲ್ಲ. ಎರಡು ಕಂಪನಿಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಆದರೂ ಬಾಕಿ ಲಕ್ಷ ದಾಟಿತು.

ಬೇರೆ ಕಾರಣಗಳೂ ಇವೆ. ಬ್ಯಾಂಕಿನ ಠೇವಣಿಯ ಬಡ್ಡಿಯಿಂದ ಬ್ಯಾಂಕು ಮುರಿಯುವುದು ಸಾಮಾನ್ಯವಾಗಿ ಶೇಕಡಾ 10 ಮಾತ್ರ. ಬಡ್ಡಿ ಚಿಕ್ಕದಾದರೆ ಅದೂ ಇಲ್ಲ. ಆದರೆ ಬಡ್ಡಿಯೆಲ್ಲ ವರಮಾನಕ್ಕೆ ಸೇರತಕ್ಕದ್ದೇ. ಭವಿಷ್ಯನಿಧಿಯ ಹಣವನ್ನು ಐದು ವರ್ಷದ ಸೇವೆ ತುಂಬುವ ಮೊದಲೇ ತೆಗೆದರೆ ಸಾಮಾನ್ಯವಾಗಿ ಅದಕ್ಕೂ ತೆರಿಗೆ ಬೀಳುತ್ತದೆ. ಹಳೆಯ ಕಂಪನಿಯ ನಿಧಿಯನ್ನು ಹೊಸ ಖಾತೆಗೆ ವರ್ಗ ಮಾಡಿಸಿಕೊಂಡರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಹಿಂದಿನ ವರ್ಷಗಳ ಸಂಬಳದ ಬಾಕಿ ಒಂದೇ ವರ್ಷ ಕೈಗೆ ಬಂದಾಗಲೂ ತೆರಿಗೆ ಏರುತ್ತದೆ. ಅದಕ್ಕೆ ಪರಿಹಾರ ಉಂಟು. ಆದರೆ ರಿಟರ್ನ್ ಸಲ್ಲಿಸುವ ಮುನ್ನ ಅದರ ಫಾರಂ ತುಂಬಬೇಕು. 1961ರ ಕಾನೂನಿನಲ್ಲಿ ಅದರ ಹೆಸರು ಫಾರಂ 10-ಇ. ಅದನ್ನು ತುಂಬದೆ ರಿಟರ್ನಿನಲ್ಲಿ ಮಾತ್ರ ಪರಿಹಾರ ಕೇಳಿದವರಿಗೆ ಬಾಕಿಯ ಕಾಗದ ಬರುತ್ತದೆ.

ಕಾಗದ ನಿಜವೇ?

ಇಲಾಖೆಯ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸುವ ಠಕ್ಕರು ಬಹಳ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ಪರೀಕ್ಷಿಸಬಹುದು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ. ನೀವೇ ಜಾಲತಾಣಕ್ಕೆ ಹೋಗಿ, ನಿಮ್ಮ ಖಾತೆಯಲ್ಲಿ ಬಾಕಿ ಕಾಣುತ್ತದೆಯೇ ನೋಡಿ. ಯಾವ ಅಧಿಕಾರಿಯೂ ತೆರಿಗೆಯನ್ನು ತನ್ನ ಸ್ವಂತ ಖಾತೆಗೆ ಹಾಕೆಂದು ಹೇಳುವುದಿಲ್ಲ.

ಲೆಕ್ಕ ತಾಳೆ ನೋಡುವ ಕ್ರಮ

ಮುಂಬಯಿಯಲ್ಲಿರಲಿ, ದಿಲ್ಲಿಯಲ್ಲಿರಲಿ, ನಾವು ಸಲ್ಲಿಸುವ ರಿಟರ್ನಿನ ಮೊದಲ ಲೆಕ್ಕ ನಡೆಯುವುದು ನಮ್ಮ ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರದಲ್ಲಿ. ಅಲ್ಲಿಂದ ಇ-ಮೇಲಿನಲ್ಲಿ ಬರುವ ತಿಳಿವಳಿಕೆ ಪತ್ರವನ್ನು ತೆರೆಯಲು ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದಕ್ಕೆ ಹತ್ತಿಸಿ ಹುಟ್ಟಿದ ದಿನ, ತಿಂಗಳು, ವರ್ಷವನ್ನು ಎಂಟು ಅಂಕಿಗಳಲ್ಲಿ ಬರೆಯಬೇಕು. ಒಳಗೆ ಎರಡು ಸಾಲು ಅಂಕಿಗಳಿರುತ್ತವೆ. ಒಂದು ನೀವು ಕೊಟ್ಟ ಲೆಕ್ಕ, ಇನ್ನೊಂದು ಇಲಾಖೆಯ ಲೆಕ್ಕ. ಬೆರಳಿಟ್ಟುಕೊಂಡು ಮೇಲಿನಿಂದ ಕೆಳಗೆ ಬನ್ನಿ. ಎರಡೂ ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಯೇ ಬಾಕಿಯ ಬೇರು.

ವರಮಾನದ ಬಾಬಿನಲ್ಲಿ ವ್ಯತ್ಯಾಸವಿದ್ದರೆ, ಯಾವುದೋ ಸಂಬಳವೋ ಬಡ್ಡಿಯೋ ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿದೆ. ಇಲ್ಲವೇ ನಿಮ್ಮದಲ್ಲದ್ದು ನಿಮ್ಮ ಹೆಸರಿಗೆ ಸೇರಿದೆ. ಮುರಿದ ತೆರಿಗೆಯ ಬಾಬಿನಲ್ಲಿ ವ್ಯತ್ಯಾಸವಿದ್ದರೆ, ಕಂಪನಿ ಹಿಡಿದ ಹಣ ನಿಮ್ಮ ಪ್ಯಾನಿಗೆ ಜಮಾ ಆಗಿಲ್ಲ. ಇಲಾಖೆಯ ಜಾಲತಾಣದಲ್ಲಿ ಸಿಗುವ ವಾರ್ಷಿಕ ಮಾಹಿತಿ ಪತ್ರ ಮತ್ತು ತೆರಿಗೆ ಜಮಾ ಪತ್ರ, ಕಂಪನಿ ಕೊಟ್ಟ ಸಂಬಳದ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಇವನ್ನು ಪಕ್ಕದಲ್ಲಿಟ್ಟುಕೊಂಡರೆ ಒಂದು ಸಂಜೆಯ ಕೆಲಸ.

ಕಂಪನಿಯು ಸಂಬಳದಿಂದ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟದೆ ಇದ್ದರೆ ಏನು ಗತಿ? ಹಿಡಿದಷ್ಟು ತೆರಿಗೆಯನ್ನು ಮತ್ತೆ ನೌಕರನಿಂದ ವಸೂಲು ಮಾಡಕೂಡದೆಂದು 1961ರ ಕಾನೂನಿನ 205ನೆಯ ಕಲಮು ಹೇಳುತ್ತದೆ. ಆದರೆ ಹಿಡಿದದ್ದು ನಿಜವೆಂದು ತೋರಿಸುವ ಕೆಲಸ ನಿಮ್ಮದು. ಆದಕಾರಣ ಪ್ರತಿ ತಿಂಗಳ ಸಂಬಳದ ಚೀಟಿಯನ್ನು ತೆಗೆದಿಡಿ. ಕಂಪನಿ ಮುಚ್ಚಿಹೋದ ಮೇಲೆ ಆ ಚೀಟಿ ಮತ್ತೆ ಸಿಗದು.

ಮೂವತ್ತು ದಿನ

ಬಾಕಿಯ ಕಾಗದ ತಲುಪಿದ ಮೇಲೆ ಸಾಮಾನ್ಯವಾಗಿ 30 ದಿನಗಳ ಅವಧಿ ಇರುತ್ತದೆ. ಜಾಲತಾಣದಲ್ಲಿ ಬಾಕಿಗೆ ಉತ್ತರ ಕೊಡುವ ಜಾಗದಲ್ಲಿ ಒಪ್ಪುತ್ತೇನೆ ಎಂದಾಗಲಿ, ಪೂರ್ತಿಯಾಗಿ ಅಥವಾ ಭಾಗಶಃ ಒಪ್ಪುವುದಿಲ್ಲ ಎಂದಾಗಲಿ ಹೇಳಬೇಕು. ಒಪ್ಪುತ್ತೇನೆ ಎಂದು ಒಮ್ಮೆ ಸಲ್ಲಿಸಿದ ಮೇಲೆ ಅಲ್ಲಿ ಹಿಂದಕ್ಕೆ ಬರಲಾಗದು. ತಾಳೆ ನೋಡಿದ ಮೇಲೆಯೇ ಒತ್ತಿರಿ. ಕಣ್ಣಿಗೆ ಕಾಣುವ ತಪ್ಪಿದ್ದರೆ ತಿದ್ದುಪಡಿಯ ಅರ್ಜಿ ಹಾಕಬೇಕು. ಅಧಿಕಾರಿಯ ತೀರ್ಮಾನವೇ ಸರಿಯಲ್ಲವೆಂದು ತೋರಿದರೆ ಮೇಲ್ಮನವಿ ಸಲ್ಲಿಸಬೇಕು. ಅದಕ್ಕೂ ಗಡುವು 30 ದಿನವೇ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆ ಇಲ್ಲಿ ನಡೆಯದು. ಗಡುವು ದಾಟಿದರೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೆಳೆಯುತ್ತದೆ. ತಿಂಗಳ ಒಂದು ದಿನವೂ ಇಡೀ ತಿಂಗಳೆಂದೇ ಲೆಕ್ಕ. ದಂಡವನ್ನು ಹಾಕಬಹುದು. ಬೇರೆ ವರ್ಷದ ರೀಫಂಡನ್ನು ಹಿಡಿದುಕೊಳ್ಳಬಹುದು. ಕೊನೆಗೆ ಬ್ಯಾಂಕಿನ ಖಾತೆಯನ್ನೂ ಸಂಬಳವನ್ನೂ ಜಪ್ತಿ ಮಾಡುವ ಅಧಿಕಾರ ಇಲಾಖೆಗೆ ಉಂಟು.

ಕೈಯಲ್ಲಿ ಹಣವಿಲ್ಲದಿದ್ದರೆ

ಲೆಕ್ಕ ಸರಿ, ಆದರೆ ಒಮ್ಮೆಗೇ ಕಟ್ಟಲಾಗದು ಎಂಬವರು ಆ 30 ದಿನಗಳ ಒಳಗಾಗಿ ತಮ್ಮ ತೆರಿಗೆ ಅಧಿಕಾರಿಗೆ ಅರ್ಜಿ ಕೊಟ್ಟು ಹೆಚ್ಚಿನ ಕಾಲವನ್ನೋ ಕಂತುಗಳನ್ನೋ ಕೇಳಬಹುದು. ಅರ್ಜಿಯಲ್ಲಿ ತಿಂಗಳ ಸಂಬಳ, ಬಾಡಿಗೆ, ಶಾಲೆಯ ಫೀ, ಔಷಧಿ, ಈಗಾಗಲೇ ಇರುವ ಸಾಲದ ಕಂತು, ಇವನ್ನು ಅಂಕಿಗಳಲ್ಲಿ ಬರೆದು, ಇಂಥ ದಿನಾಂಕಕ್ಕೆ ಇಷ್ಟು ಕಟ್ಟುತ್ತೇನೆ ಎಂದು ಸ್ಪಷ್ಟವಾಗಿ ಹೇಳಿ. ಕೈಲಾದಷ್ಟನ್ನು ಮೊದಲೇ ಕಟ್ಟಿ ಚಲನ್ ಲಗತ್ತಿಸಿದರೆ ಅರ್ಜಿಗೆ ತೂಕ ಬರುತ್ತದೆ. ಅನುಮತಿ ಕೊಡುವುದು ಅಧಿಕಾರಿಯ ವಿವೇಚನೆಗೆ ಸೇರಿದ್ದು. ಕಂತು ತಪ್ಪಿದರೆ ಉಳಿದದ್ದೆಲ್ಲ ಒಮ್ಮೆಗೇ ಬಾಕಿಯಾಗುತ್ತದೆ.

ಕಂತಿನ ಕಾಲದಲ್ಲಿಯೂ ಬಡ್ಡಿ ನಿಲ್ಲುವುದಿಲ್ಲ. ಆದರೆ ಅದು ಚಕ್ರಬಡ್ಡಿಯಲ್ಲ. 60,000 ರೂಪಾಯಿಯನ್ನು ಗಡುವಿನ ನಂತರ ತಿಂಗಳಿಗೆ 10,000ದಂತೆ ಆರು ಕಂತುಗಳಲ್ಲಿ ತೀರಿಸಿದರೆ ಬಡ್ಡಿ 600, 500, 400 ಎಂದು ಇಳಿಯುತ್ತ ಒಟ್ಟು 2,100 ರೂಪಾಯಿ ಆಗುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3ರ ಮೇಲೆಯೂ ಬಡ್ಡಿ ಬೀಳುವುದುಂಟು. ಕೈಸಾಲದವರ ದರ ಹೇಳುವುದೇ ಬೇಡ. ಹೆಂಡತಿಯ ಬಳೆ ಅಡವಿಡುವ ಮುನ್ನ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ.

ರಿಟರ್ನ್ ಸಲ್ಲಿಸುವ ಹೊತ್ತಿಗೇ ಬಾಕಿ ಗೊತ್ತಾದರೂ, ಹಣವಿಲ್ಲವೆಂದು ರಿಟರ್ನನ್ನು ತಡಮಾಡಬೇಡಿ. ಗಡುವು ದಾಟಿದರೆ 5,000 ರೂಪಾಯಿಯವರೆಗೆ ತಡದ ಶುಲ್ಕವೂ ಮೇಲೆ ಬೀಳುತ್ತದೆ.

ಪರಊರಿನವರಿಗೆ ಒಂದು ಮಾತು

ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇದ್ದಾಗ ಪ್ಯಾನ್ ಮಾಡಿಸಿ ಆಮೇಲೆ ಪುಣೆಗೋ ಚೆನ್ನೈಗೋ ಬಂದವರ ತೆರಿಗೆ ಅಧಿಕಾರಿ ಇನ್ನೂ ಹಳೆಯ ಊರಿನಲ್ಲಿಯೇ ಇರಬಹುದು. ಕಂತಿನ ಅರ್ಜಿ ಹೋಗಬೇಕಾದದ್ದು ಅಲ್ಲಿಗೆ. ನಿಮ್ಮ ಅಧಿಕಾರಿ ಯಾರೆಂಬುದನ್ನು ಜಾಲತಾಣದಲ್ಲಿ ಪ್ಯಾನ್ ಸಂಖ್ಯೆಯಿಂದ ತಿಳಿಯಬಹುದು. ಹಾಗೆಯೇ ಮನೆ ಬದಲಾದಾಗ, ಮೊಬೈಲ್ ಸಂಖ್ಯೆ ಬದಲಾದಾಗ ಖಾತೆಯಲ್ಲಿ ತಿದ್ದಿರಿ. ಬಿಟ್ಟುಬಂದ ಬಾಡಿಗೆ ಮನೆಗೆ ಹೋದ ಕಾಗದ ನಿಮ್ಮ ಕಣ್ಣಿಗೆ ಬೀಳದಿದ್ದರೂ ದಿನಗಳು ಎಣಿಕೆಯಾಗುತ್ತಲೇ ಇರಬಹುದು.

ರೀಫಂಡು ಕೊಡಿಸುವ ದಲ್ಲಾಳಿಗಳು

ಕಾರ್ಖಾನೆಯ ಗೇಟಿನಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ, ದೊಡ್ಡ ರೀಫಂಡು ಕೊಡಿಸುತ್ತೇವೆ, ಅದರಲ್ಲಿ ನಮಗೆ ಪಾಲು ಕೊಡಿ ಎನ್ನುವವರಿಂದ ದೂರವಿರಿ. ಕೊಡದ ಬಾಡಿಗೆ, ಮಾಡದ ದಾನ, ಇಲ್ಲದ ಸಾಲ ತೋರಿಸಿ ಅವರು ರಿಟರ್ನ್ ತುಂಬುತ್ತಾರೆ. 2025ರ ಜುಲೈಯಲ್ಲಿ ಇಲಾಖೆ ದೇಶದ ಅನೇಕ ಕಡೆ ಇಂಥವರ ಮೇಲೆ ತನಿಖೆ ನಡೆಸಿತು. ಸಿಕ್ಕಿಬಿದ್ದಾಗ ತೆರಿಗೆ, ಬಡ್ಡಿ, ಅದರ ಮೇಲೆ ತೆರಿಗೆಯ ಎರಡರಷ್ಟು ದಂಡ, ಎಲ್ಲವೂ ರಿಟರ್ನ್ ಯಾರ ಹೆಸರಿನಲ್ಲಿದೆಯೋ ಅವರ ತಲೆಗೇ. ಹಿಂದೆ ಹೀಗೆ ಆಗಿದ್ದರೆ, ಇಲಾಖೆ ವಿಚಾರಣೆಗೆ ತೊಡಗುವ ಮುನ್ನ ನೀವಾಗಿಯೇ ತಿದ್ದಿದ ರಿಟರ್ನ್ ಸಲ್ಲಿಸಿ ಹೆಚ್ಚುವರಿ ತೆರಿಗೆ ಕಟ್ಟಿಬಿಡುವುದು ಕ್ಷೇಮ.

ಮುಂದಿನ ವರ್ಷಕ್ಕೆ

ಕೆಲಸ ಬದಲಿಸಿದ ಮೊದಲ ವಾರವೇ ಹಳೆಯ ಕಂಪನಿಯ ಸಂಬಳ ಮತ್ತು ತೆರಿಗೆಯ ವಿವರವನ್ನು ಹೊಸ ಕಂಪನಿಗೆ ಬರಹದಲ್ಲಿ ಕೊಡಿ. ಮೇಲಿನ ಉದಾಹರಣೆಯ ನೌಕರರು ಹೀಗೆ ಮಾಡಿದ್ದರೆ 97,500 ರೂಪಾಯಿ ಆರು ತಿಂಗಳಿಗೆ ಹಂಚಿಹೋಗಿ, ತಿಂಗಳಿಗೆ 16,250ರಂತೆ ಮುರಿದುಹೋಗುತ್ತಿತ್ತು, ಬಡ್ಡಿಯೂ ಬೀಳುತ್ತಿರಲಿಲ್ಲ. ಸಂಬಳದಿಂದ ಮುರಿದದ್ದು ಹೋಗಿ ಇನ್ನೂ 10,000 ರೂಪಾಯಿಯೋ ಹೆಚ್ಚೋ ತೆರಿಗೆ ಉಳಿಯುವಂತಿದ್ದರೆ ಮುಂಗಡ ತೆರಿಗೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಗಡುವುಗಳಲ್ಲಿ ಕಟ್ಟಿ.

2025ರ ಹೊಸ ವರಮಾನ ತೆರಿಗೆ ಕಾನೂನು 2026ರ ಏಪ್ರಿಲ್ 1ರಿಂದ ಆರಂಭವಾಗುವ ವರ್ಷದ ವರಮಾನಕ್ಕೆ ಅನ್ವಯಿಸುತ್ತದೆ. ಅದಕ್ಕೆ ಹಿಂದಿನ ವರ್ಷಗಳ ಲೆಕ್ಕ 1961ರ ಕಾನೂನಿನಂತೆ. ಹೊಸದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಆದ್ದರಿಂದ ಕಾಗದ ಯಾವ ವರ್ಷದ್ದೆಂಬುದನ್ನು ಮೊದಲು ನೋಡಿಕೊಳ್ಳಿ.

ಇಂಗ್ಲಿಷಿನ ಕಾಗದ ಅರ್ಥವಾಗದಿದ್ದರೆ ಸಂಕೋಚಪಡದೆ ತಿಳಿದವರಿಂದ ಓದಿಸಿಕೊಳ್ಳಿ. ಗುಪ್ತಸಂಖ್ಯೆಯನ್ನು ಮಾತ್ರ ಯಾರಿಗೂ ಕೊಡಬೇಡಿ. ಕಾಗದ ಬಂದ ದಿನಾಂಕವನ್ನು ಅದರ ಮೂಲೆಯಲ್ಲಿ ಬರೆದು, ಮೂವತ್ತನೆಯ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟಾದರೆ ಮಿಕ್ಕ ಕೆಲಸಕ್ಕೆ ಸಾಕಷ್ಟು ಕಾಲವಿರುತ್ತದೆ.