ರಾಜೀನಾಮೆ ಅಂದರೆ ತಪ್ಪು ಒಪ್ಪಿಕೊಂಡ ಹಾಗೆಯೇ?

ಜಾವಗಲ್ಲಿನಲ್ಲಿ ಅರಸೀಕೆರೆ ಬಸ್ಸು ಹತ್ತಿ ಕೂತಿದ್ದೇವೆ. ಪಕ್ಕದವರ ಕೈಯಲ್ಲಿ ಪೇಪರ್ ಇದೆ. ಮೇಲೆ ದಪ್ಪ ಅಕ್ಷರ. ನಾವು ಕೂಡಿಸಿ ಕೂಡಿಸಿ ಓದುತ್ತೇವೆ. ರಾ-ಜೀ-ನಾ-ಮೆ. ಒತ್ತಕ್ಷರ ಇಲ್ಲದ ಪದ. ಓದೋದು ಸುಲಭ. ಅರ್ಥ ಅಷ್ಟು ಸುಲಭವಲ್ಲ.

ರಾಜೀನಾಮೆ ಅಂದರೆ, ಇದ್ದ ಅಧಿಕಾರವನ್ನು ತಾನೇ ಬರೆದುಕೊಟ್ಟು ಬಿಡುವುದು. ‘ಹಂಗಾದ್ರೆ ತಪ್ಪು ಮಾಡಿದ್ದು ನಿಜ ಅಂತಾಯ್ತಲ್ಲ?’ ಎಂದು ಕೇಳುವವರು ನಮ್ಮಲ್ಲಿ ಬಹಳ ಜನ. ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಗತಿ ನೋಡೋಣ.

ಬಿ.ಎಸ್. ಯಡಿಯೂರಪ್ಪನವರ ಹೆಸರು ಕೇಳದವರು ಯಾರು? ಅವರು ಹುಟ್ಟಿದ್ದು 1943ರಲ್ಲಿ, ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ. ನಮ್ಮ ಹಾಸನ ಜಿಲ್ಲೆಗೆ ಅದೇನು ದೂರವಲ್ಲ. ಶಿಕಾರಿಪುರಕ್ಕೆ ಹೋಗಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದರು. 1975ರಲ್ಲಿ ಅಲ್ಲಿನ ಪುರಸಭೆಗೆ ಆರಿಸಿ ಬಂದರು. ಆಮೇಲೆ ಅದರ ಅಧ್ಯಕ್ಷರಾದರು. ಊರಿನ ನಲ್ಲಿ, ಚರಂಡಿ, ಬೀದಿ ದೀಪ ನೋಡಿಕೊಳ್ಳುವ ಸಭೆ ಅದು. 1983ರಲ್ಲಿ ಶಾಸಕರಾದರು. 2008ರ ಮೇ 30ರಂದು ಮುಖ್ಯಮಂತ್ರಿಯಾದರು. ಹೆಣ್ಣುಮಗುವಿನ ಹೆಸರಲ್ಲಿ ಬಾಂಡ್ ಕೊಡುತ್ತಿದ್ದ ಭಾಗ್ಯಲಕ್ಷ್ಮಿ ಯೋಜನೆ ಗೊತ್ತಲ್ಲ? ಅದು ಶುರುವಾದಾಗ ಅವರು ಉಪಮುಖ್ಯಮಂತ್ರಿ. ಹಣಕಾಸು ಖಾತೆಯೂ ಅವರದೇ.

ಆ ಕಾಲದಲ್ಲೇ ಬಳ್ಳಾರಿಯ ಗುಡ್ಡಗಳು ಕರಗುತ್ತಿದ್ದವು. ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಅದಿರು. ಅದನ್ನು ಅಗೆಯಲು ಸರ್ಕಾರದ ಪರವಾನಗಿ ಬೇಕು. ಸರ್ಕಾರಕ್ಕೆ ಹಣ ಕಟ್ಟಬೇಕು. ಆದರೆ ಎಷ್ಟೋ ಅದಿರು ಲೆಕ್ಕಕ್ಕೇ ಸಿಗದೆ ಲಾರಿ ಏರಿ ಬೇಲೆಕೇರಿ ಬಂದರಿಗೆ ಹೋಯಿತು. ಅಲ್ಲಿಂದ ಹಡಗು ಹತ್ತಿತು.

ಇದನ್ನು ವಿಚಾರಿಸಿದ್ದು ಲೋಕಾಯುಕ್ತರು. ಮಂತ್ರಿ ಇರಲಿ, ಅಧಿಕಾರಿ ಇರಲಿ, ಅವರ ಮೇಲಿನ ದೂರನ್ನು ವಿಚಾರಿಸಲು 1984ರ ಕಾನೂನಿನಿಂದ ಬಂದ ಹುದ್ದೆ ಅದು. ಆಗ ಲೋಕಾಯುಕ್ತರಾಗಿದ್ದವರು ಎನ್. ಸಂತೋಷ್ ಹೆಗ್ಡೆ. 2011ರ ಜುಲೈ 27ರಂದು ಅವರು ವರದಿ ಕೊಟ್ಟರು. 2006ರಿಂದ 2010ರ ತನಕ ರಾಜ್ಯಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. ಒಂದು ಕೋಟಿ ಅಂದರೆ ನೂರು ಲಕ್ಷ. ಲೆಕ್ಕ ಹಾಕಲು ಹೋದರೆ ನಮಗೆ ತಲೆ ಸುತ್ತುತ್ತದೆ. ಮುಖ್ಯಮಂತ್ರಿಯವರ ಮನೆಯವರು ನಡೆಸುವ ಟ್ರಸ್ಟಿಗೆ ಗಣಿ ನಂಟಿನ ಕಂಪನಿಯಿಂದ ದೇಣಿಗೆ ಬಂದಿದೆ, ಅವರ ಜಮೀನನ್ನು ಭಾರಿ ಬೆಲೆಗೆ ಕೊಂಡಿದ್ದಾರೆ ಎಂದೂ ಬರೆದಿತ್ತು. ತಪ್ಪು ಮಾಡಿಲ್ಲ ಎಂದರು ಯಡಿಯೂರಪ್ಪ. ಆದರೂ ಜುಲೈ 31ರಂದು ರಾಜ್ಯಪಾಲರಿಗೆ ರಾಜೀನಾಮೆ ಕೊಟ್ಟರು.

ಇಲ್ಲಿ ನಿಂತು ಯೋಚಿಸೋಣ. ವರದಿ ಅಂದರೆ ತೀರ್ಪಲ್ಲ. ಯಾರೋ ನಮ್ಮ ಮೇಲೆ ‘ಕೋಳಿ ಕದ್ದಳು’ ಅಂದರೆ ಅದು ಆರೋಪ. ಕದ್ದಿದ್ದು ಹೌದೋ ಅಲ್ಲವೋ ಎಂದು ಸಾಕ್ಷಿ ನೋಡಿ ಹೇಳಬೇಕಾದ್ದು ನ್ಯಾಯಾಲಯ. ಅಲ್ಲಿಯವರೆಗೆ ಆರೋಪ ಹೊತ್ತವರು ಆರೋಪಿ, ಅಪರಾಧಿಯಲ್ಲ. ಹಾಗಾದರೆ ಕುರ್ಚಿ ಬಿಡುವುದು ಯಾಕೆ? ತನಿಖೆ ಮಾಡುವ ಪೊಲೀಸರೂ ಸರ್ಕಾರದ ನೌಕರರೇ. ಯಜಮಾನನ ಮೇಲೆ ಆಳು ಸಾಕ್ಷಿ ಹುಡುಕೋದು ಹೇಗೆ?

ಮುಂದೆ ಬಹಳ ನಡೆಯಿತು. ಜಮೀನಿನ ಬೇರೊಂದು ಪ್ರಕರಣದಲ್ಲಿ 2011ರ ಅಕ್ಟೋಬರಿನಲ್ಲಿ ಅವರು ಜೈಲಿಗೆ ಹೋದರು. ನವೆಂಬರಿನಲ್ಲಿ ಜಾಮೀನು ಸಿಕ್ಕಿತು. ಜಾಮೀನು ಅಂದರೆ ಬಿಡುಗಡೆಯ ತೀರ್ಪಲ್ಲ, ಕರೆದಾಗ ಬರುತ್ತೇನೆ ಎಂಬ ಮಾತಿನ ಮೇಲೆ ಹೊರಗೆ ಬಿಡುವುದು. ಗಣಿ ಪ್ರಕರಣದ ಎಫ್‌ಐಆರನ್ನು 2012ರ ಮಾರ್ಚಿನಲ್ಲಿ ಹೈಕೋರ್ಟ್ ರದ್ದು ಮಾಡಿತು. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಹೇಳಿತು. ಕೊನೆಗೆ 2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯ ಆ ದೇಣಿಗೆ, ಜಮೀನಿನ ಪ್ರಕರಣದಲ್ಲಿ ಅವರನ್ನೂ ಅವರ ಮಕ್ಕಳನ್ನೂ ಖುಲಾಸೆ ಮಾಡಿತು. ಅಂದರೆ ಆರೋಪ ಸಾಬೀತಾಗಲಿಲ್ಲ. 2019ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಐದು ವರ್ಷ ಕೋರ್ಟು ಸುತ್ತಿದ ಮೇಲೆ ಬಂದ ಉತ್ತರ ಅದು. ಆದರೆ ಹೋದ ಗುಡ್ಡ ಮಾತ್ರ ಹೋಯಿತು.

ಇದೆಲ್ಲ ದೊಡ್ಡವರ ಮಾತು, ನಮಗ್ಯಾಕೆ ಅನ್ನಬೇಡಿ. ಗ್ರಾಮ ಪಂಚಾಯಿತಿಗಳಲ್ಲಿ ಈಗ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ನಮ್ಮಲ್ಲೇ ಒಬ್ಬರು ಅಧ್ಯಕ್ಷೆ ಆಗಬಹುದು. ಕೆಲವು ಕಡೆ ಗೆದ್ದ ದಿನವೇ ‘ಅಕ್ಕಾ, ಇಲ್ಲೊಂದು ಸೈನು ಹಾಕಿ’ ಎಂದು ಬರೀ ಹಾಳೆ ಮುಂದಿಡುತ್ತಾರೆ. ಬೇಕಾದಾಗ ಅದೇ ಹಾಳೆ ರಾಜೀನಾಮೆ ಪತ್ರ ಆಗುತ್ತದೆ. ಪಂಚಾಯಿತಿ ಅಧ್ಯಕ್ಷೆ ರಾಜೀನಾಮೆ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಸಾಹೇಬರಿಗೆ. ಬರಹದಲ್ಲೇ ಕೊಡಬೇಕು. ಊರಿನ ಮುಖಂಡರು ಜಗಲಿ ಮೇಲೆ ಕೂತು ‘ನೀವು ಇಳೀರಿ’ ಅಂದರೆ ಅಧಿಕಾರ ಹೋಗುವುದಿಲ್ಲ.